ತೋಟದ ಇಳಿಜಾರಿನಲ್ಲಿ ಮಿನಿ ಟ್ರ್ಯಾಕ್ಟರ್: ತೂಕ ಎಷ್ಟು ಕಟ್ಟಬೇಕು, ಎಲ್ಲಿ ಕಟ್ಟಬೇಕು?

ಪ್ರಶ್ನೆ: ನಾಪೋಕ್ಲು ಬೆಳೆಗಾರ

ಕೊಡಗಿನ ನಾಪೋಕ್ಲಿನ ಹತ್ತಿರ ನಮ್ಮದೊಂದು ರೊಬಸ್ಟ ಕಾಫಿ ತೋಟವಿದೆ. ತೋಟದ ಬುಡದಲ್ಲಿ ಕೊಲ್ಲಿಯ (ಸಣ್ಣ ಹಳ್ಳದ) ಉದ್ದಕ್ಕೆ ಮೂರು ಎಕರೆ ಗದ್ದೆಯಿದೆ. ಕೆಲಸಕ್ಕೆ ಜನ ಸಿಗುವುದು ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತಿರುವುದರಿಂದ 24 ಅಶ್ವಶಕ್ತಿಯ, ನಾಲ್ಕೂ ಚಕ್ರಗಳಿಗೆ ಚಾಲನೆಯಿರುವ ಮಿನಿ ಟ್ರ್ಯಾಕ್ಟರೊಂದನ್ನು ಕೊಂಡಿದ್ದೇವೆ. ಹಿಂದಿನ ಟೈರು 8.3-24 ಅಳತೆಯದು. ಗಿಡದಿಂದ ಗಿಡಕ್ಕೆ ಹತ್ತು ಅಡಿ ಅಂತರವಿರುವ ಕಡೆಗಳಲ್ಲಿ ಅದು ಸಲೀಸಾಗಿ ಸಾಲಿನೊಳಗೆ ಹೋಗಿಬರುತ್ತದೆ. ನಾವು ಅದರಿಂದ ಮಾಡಿಸಬೇಕೆಂದಿರುವ ಕೆಲಸಗಳು ಮುಖ್ಯವಾಗಿ ಮೂರು: ಮಳೆಗಾಲಕ್ಕೆ ಮುಂಚೆ 250 ಲೀಟರಿನ ಟ್ಯಾಂಕನ್ನು ಹಿಂದೆ ಹೊರಿಸಿ ಬೋರ್ಡೋ ದ್ರಾವಣ ಹೊಡೆಸುವುದು, ಜೂನ್-ಜುಲೈಯಲ್ಲಿ ಗದ್ದೆಯನ್ನು ರೋಟವೇಟರಿನಿಂದ ಕೆಸರು ಮಾಡುವುದು, ಕೊಯ್ಲಿನ ಕಾಲದಲ್ಲಿ ಹಣ್ಣನ್ನು ಟ್ರೈಲರಿನಲ್ಲಿ ಕಣಕ್ಕೆ ಇಳಿಸುವುದು.

ತೊಂದರೆ ಏನೆಂದರೆ, ಟ್ಯಾಂಕು ತುಂಬಿಕೊಂಡು ಏರು ಹತ್ತುವಾಗ ಸ್ಟೀರಿಂಗ್ ತೀರಾ ಹಗುರವಾಗುತ್ತದೆ. ಮುಂದಿನ ಚಕ್ರ ನೆಲವನ್ನು ಮುಟ್ಟಿದೆಯೋ ಇಲ್ಲವೋ ಎಂಬ ಅನುಮಾನ ಬರುವಷ್ಟು. ಇಳಿಜಾರಿಗೆ ಅಡ್ಡಲಾಗಿ ಹೋಗುವಾಗಲಂತೂ ನಮ್ಮ ಡ್ರೈವರ್ ತಾನಾಗಿಯೇ ಮೇಲಿನ ಬದಿಗೆ ಬಾಗಿ ಕುಳಿತುಕೊಳ್ಳುತ್ತಾನೆ. ಹಿಂದಿನ ಟೈರುಗಳಿಗೆ ನೀರು ತುಂಬಿಸಿ, ಅದರ ಮೇಲೆ ಕಬ್ಬಿಣದ ತೂಕವನ್ನೂ ಹಾಕಿಸಿ ಎಂದು ಟ್ರ್ಯಾಕ್ಟರ್ ಕೊಟ್ಟವರು ಹೇಳುತ್ತಾರೆ. ನೀರು ಮಾತ್ರ ಬೇಡವೇ ಬೇಡ ಎಂದು ಪಂಕ್ಚರ್ ಅಂಗಡಿಯವರು ಹೇಳುತ್ತಾರೆ. ರಿಮ್ಮಿನೊಳಗೆ ಕಾಂಕ್ರೀಟ್ ಹಾಕಿಬಿಡೋಣ, ಖರ್ಚು ಕಡಿಮೆ ಎನ್ನುವುದು ವೆಲ್ಡಿಂಗ್ ಶಾಪಿನವರ ಸಲಹೆ. ಇವುಗಳಲ್ಲಿ ಯಾವುದು ಸರಿ? ಹಿಂದಿನ ಚಕ್ರಕ್ಕೆ ತೂಕ ಹಾಕಿದರೆ ಟ್ರ್ಯಾಕ್ಟರ್ ಪಕ್ಕಕ್ಕೆ ಮಗುಚುವ ಭಯ ನಿಜವಾಗಿಯೂ ತಪ್ಪುತ್ತದೆಯೇ? ಅನುಭವವಿದ್ದವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಉತ್ತರ: ಯಂತ್ರಶಾಲೆ, ಕುಶಾಲನಗರ

ನಿಮ್ಮ ಪ್ರಶ್ನೆಯಲ್ಲಿ ಎರಡು ಬೇರೆ ಬೇರೆ ಅಪಾಯಗಳು ಸೇರಿಕೊಂಡಿವೆ. ಮುಂಭಾಗ ಮೇಲೆದ್ದು ಹಿಂದಕ್ಕೆ ಮಗುಚುವುದು ಒಂದು, ಪಕ್ಕಕ್ಕೆ ಉರುಳುವುದು ಇನ್ನೊಂದು. ಎರಡಕ್ಕೂ ಒಂದೇ ಔಷಧಿಯಿಲ್ಲ. ಹಿಂದಿನ ಟೈರಿಗೆ ನೀರು ತುಂಬಿಸುವುದು ಮೊದಲನೆಯದಕ್ಕೆ ಪರಿಹಾರವೇ ಅಲ್ಲ, ಎರಡನೆಯದಕ್ಕೆ ಅಲ್ಪ ಪರಿಹಾರ. ಅದು ನಿಜವಾಗಿ ಉಪಯೋಗಕ್ಕೆ ಬರುವುದು ಚಕ್ರದ ಹಿಡಿತಕ್ಕೆ, ಅಂದರೆ ಎಳೆಯುವ ಕೆಲಸದಲ್ಲಿ ಚಕ್ರ ಸುಮ್ಮನೆ ತಿರುಗದಂತೆ ನೋಡಿಕೊಳ್ಳುವುದಕ್ಕೆ.

ಪಕ್ಕಕ್ಕೆ ಉರುಳುವ ವಿಷಯವನ್ನು ಮೊದಲು ನೋಡೋಣ. ಟ್ರ್ಯಾಕ್ಟರಿನ ಗುರುತ್ವ ಕೇಂದ್ರ ನೆಲದಿಂದ ಎಷ್ಟು ಎತ್ತರದಲ್ಲಿದೆ, ಹಿಂದಿನ ಎರಡು ಚಕ್ರಗಳ ನಡುವೆ ಎಷ್ಟು ಅಗಲವಿದೆ, ಇವೆರಡರ ಮೇಲೆಯೇ ಎಲ್ಲವೂ ನಿಂತಿದೆ. ನಿಮ್ಮದು ಸುಮಾರು 800 ಕಿಲೋ ತೂಕದ ಟ್ರ್ಯಾಕ್ಟರ್, ಗುರುತ್ವ ಕೇಂದ್ರ 60 ಸೆಂಟಿಮೀಟರ್ ಎತ್ತರದಲ್ಲಿದೆ, ಹಿಂದಿನ ಚಕ್ರಗಳ ನಡುವಿನ ಅಗಲ 90 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಅಲುಗಾಡದೆ ನಿಂತ ಯಂತ್ರ ಪಕ್ಕಕ್ಕೆ ಉರುಳುವುದು ಲೆಕ್ಕದ ಪ್ರಕಾರ ಸುಮಾರು 37 ಡಿಗ್ರಿಯಲ್ಲಿ. ನೀವು ಹೇಳಿದ ಅಳತೆಯ ಟೈರಿಗೆ ಮುಕ್ಕಾಲು ಭಾಗ ನೀರು ತುಂಬಿದರೆ ಒಂದೊಂದಕ್ಕೆ ಸುಮಾರು 60 ಲೀಟರ್ ಹಿಡಿಯುತ್ತದೆ, ಎರಡಕ್ಕೂ ಸೇರಿ 120 ಕಿಲೋ. ಇಷ್ಟು ತೂಕ ಅಷ್ಟು ಕೆಳಗೆ ಸೇರಿದರೂ ಒಟ್ಟು ಗುರುತ್ವ ಕೇಂದ್ರ ಎರಡೂವರೆ ಸೆಂಟಿಮೀಟರಿನಷ್ಟು ಮಾತ್ರ ತಗ್ಗುತ್ತದೆ, ಉರುಳುವ ಕೋನ 38 ಡಿಗ್ರಿಗೆ ಏರುತ್ತದೆ. ನಿಮಗೆ ದಕ್ಕಿದ್ದು ಒಂದೇ ಡಿಗ್ರಿ. ಅದರ ಬದಲು ಹನಿ ನೀರನ್ನೂ ತುಂಬಿಸದೆ ಚಕ್ರಗಳನ್ನು ಎಡಬಲಕ್ಕೆ ಐದೈದು ಸೆಂಟಿಮೀಟರ್ ಹೊರಗೆ ಸರಿಸಿದರೆ ಕೋನ ಸುಮಾರು 40 ಡಿಗ್ರಿಗೆ ಹೋಗುತ್ತದೆ.

ಈ ಹೊರಗೆ ಸರಿಸುವ ಅವಕಾಶ ಹೆಚ್ಚಿನ ಮಿನಿ ಟ್ರ್ಯಾಕ್ಟರುಗಳ ಹಿಂದಿನ ಚಕ್ರಗಳಲ್ಲಿ ಇದ್ದೇ ಇರುತ್ತದೆ. ಡಿಸ್ಕಿನ ಉಬ್ಬು ಯಾವ ಕಡೆಗೆ ಬರುತ್ತದೆ ಎಂಬುದರ ಮೇಲೆ ಅಗಲ ಬದಲಾಗುತ್ತದೆ. ಎಡದ ಚಕ್ರವನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಹಾಕಿದರೆ ಅಗಲವೂ ಹೆಚ್ಚುತ್ತದೆ, ಟೈರಿನ ಹಲ್ಲುಗಳ ದಿಕ್ಕೂ ಸರಿಯಾಗಿ ಉಳಿಯುತ್ತದೆ. ಚಕ್ರವನ್ನು ಅದೇ ಬದಿಯಲ್ಲಿ ತಿರುಗಿಸಿ ಹಾಕಿದರೆ ಹಲ್ಲು ಉಲ್ಟಾ ಆಗಿ ಏರಿನಲ್ಲಿ ಜಾರುತ್ತದೆ. ಕೈಪಿಡಿಯಲ್ಲಿ ಈ ಅಗಲಗಳ ಪಟ್ಟಿ ಇರುತ್ತದೆ. ಅದರಲ್ಲಿ ಹೇಳಿದ್ದಕ್ಕಿಂತ ಹೊರಗೆ ಸ್ಪೇಸರ್ ಹಾಕಿ ತಳ್ಳಬಾರದು, ಆಕ್ಸಲ್ಲಿನ ಬೇರಿಂಗಿಗೆ ಅದು ಹೊರೆ.

37 ಡಿಗ್ರಿ ಎಂದು ಹೇಳಿದ್ದನ್ನು ಓದಿ ಯಾರೂ ಧೈರ್ಯ ತಂದುಕೊಳ್ಳಬಾರದು. ಮುಂದಿನ ಆಕ್ಸಲ್ ನಡುವಿನ ಒಂದು ಪಿನ್ನಿನ ಮೇಲೆ ಓಲಾಡುವುದರಿಂದ, ಆ ಓಲಾಟ ತಡೆಗೆ ಬಡಿಯುವವರೆಗೂ ಟ್ರ್ಯಾಕ್ಟರ್ ಮೂರು ಕಾಲಿನ ಮಣೆಯ ಹಾಗೆಯೇ ವರ್ತಿಸುತ್ತದೆ. ಆದ್ದರಿಂದ ನಿಜವಾದ ಮಿತಿ ಲೆಕ್ಕದ ಮಿತಿಗಿಂತ ಕಡಿಮೆ. ವೇಗ, ಗುಂಡಿ, ಕಲ್ಲು, ಟೈರಿನ ಬಳುಕು ಎಲ್ಲವೂ ಅದನ್ನು ಇನ್ನಷ್ಟು ಕೆಳಗೆ ತರುತ್ತವೆ. ಅಡ್ಡ ಇಳಿಜಾರಿನಲ್ಲಿ 15 ಡಿಗ್ರಿ ದಾಟಿದ ಕಡೆ ಟ್ರ್ಯಾಕ್ಟರನ್ನು ಅಡ್ಡ ಓಡಿಸಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. 15 ಡಿಗ್ರಿ ಎಂದರೆ ನೂರು ಅಡಿ ದೂರಕ್ಕೆ 27 ಅಡಿ ಇಳಿತ. ಒಂದು ನೇರವಾದ ಹಲಗೆಯನ್ನು ನೆಲದ ಮೇಲೆ ಇಟ್ಟು, ಅದರ ಮೇಲೆ ಮೊಬೈಲ್ ಇಟ್ಟರೆ ಕೋನ ತೋರಿಸುವ ಆಪ್‌ಗಳಿವೆ. ಸಾಲು ಸಾಲಾಗಿ ಅಳೆದು, ಮೀರಿದ ಜಾಗಗಳ ಮರಗಳಿಗೆ ಬಣ್ಣದ ಗುರುತು ಹಾಕಿಬಿಡಿ. ಡ್ರೈವರ್ ಬದಲಾದರೂ ಗುರುತು ಉಳಿಯುತ್ತದೆ.

ಮುಂಭಾಗ ಏಳುವ ವಿಷಯಕ್ಕೆ ಅಂಕಿ ಬೇಕು. ಗೋಣಿಕೊಪ್ಪಲಿನಲ್ಲೋ ಕುಶಾಲನಗರದಲ್ಲೋ ವೇ ಬ್ರಿಡ್ಜಿಗೆ ಹೋದಾಗ ಟ್ರ್ಯಾಕ್ಟರನ್ನು ಇಡಿಯಾಗಿ ಒಮ್ಮೆ, ಮುಂದಿನ ಚಕ್ರಗಳನ್ನು ಮಾತ್ರ ಹತ್ತಿಸಿ ಒಮ್ಮೆ ತೂಗಿಸಿ. ಜೊತೆಗೆ ಮುಂದಿನ ಆಕ್ಸಲ್ಲಿನಿಂದ ಹಿಂದಿನ ಆಕ್ಸಲ್ಲಿಗೆ ಎಷ್ಟು ದೂರ, ಹಿಂದಿನ ಆಕ್ಸಲ್ಲಿನಿಂದ ಟ್ಯಾಂಕಿನ ನಡುವಿಗೆ ಎಷ್ಟು ದೂರ ಎಂಬುದನ್ನು ಟೇಪ್ ಹಿಡಿದು ಅಳೆದು ಇಲ್ಲಿ ಬರೆಯಿರಿ.

ಉತ್ತರ: ತೋಟದ ರೈಟರ್, ಸಿದ್ದಾಪುರ

ಮೇಲಿನವರು ಹೇಳಿದ ಅಗಲದ ಮಾತನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಆದರೆ ತೋಟದಲ್ಲಿ ಟ್ರ್ಯಾಕ್ಟರ್ ಉರುಳುವುದು ಹೆಚ್ಚಾಗಿ ಇಳಿಜಾರಿನಿಂದಲ್ಲ, ತೊಟ್ಟಿಲು ಗುಂಡಿಯಿಂದ. ಮಳೆ ನೀರು ಇಂಗಲೆಂದು ಸಾಲುಗಳ ನಡುವೆ ಇಳಿಜಾರಿಗೆ ಅಡ್ಡಲಾಗಿ ತೆಗೆದ ಆ ಗುಂಡಿಗಳು ಬೇಸಿಗೆಯ ಹೊತ್ತಿಗೆ ಸಿಲ್ವರ್ ಓಕಿನ ಎಲೆ, ಹಲಸಿನ ಎಲೆ, ಮರಗಸಿಯಲ್ಲಿ (ನೆರಳಿನ ಮರ ಸವರುವಾಗ) ಕಡಿದ ರೆಂಬೆಗಳಿಂದ ತುಂಬಿ ನೆಲಕ್ಕೆ ಸಮವಾಗಿ ಕಾಣುತ್ತವೆ. ಮೇಲೆ ನಡೆದು ಹೋದರೂ ಗೊತ್ತಾಗುವುದಿಲ್ಲ. ಚಕ್ರ ಬಿದ್ದಾಗ ಮಾತ್ರ ಎಲೆಯ ರಾಶಿ ಕುಸಿಯುತ್ತದೆ. 90 ಸೆಂಟಿಮೀಟರ್ ಅಗಲದ ಟ್ರ್ಯಾಕ್ಟರಿನ ಕೆಳಬದಿಯ ಚಕ್ರ ಒಂದಡಿ ಆಳಕ್ಕೆ ಇಳಿದರೆ ಅಷ್ಟರಿಂದಲೇ ಯಂತ್ರ ಹತ್ತೊಂಬತ್ತು ಇಪ್ಪತ್ತು ಡಿಗ್ರಿ ವಾಲುತ್ತದೆ. ನೆಲವೇ 15 ಡಿಗ್ರಿ ಇಳಿಜಾರಾಗಿದ್ದರೆ ಒಟ್ಟು 34 ಡಿಗ್ರಿ. ಅದರ ಮೇಲೆ ಬೆನ್ನಿನಲ್ಲಿ ತುಂಬಿದ ಟ್ಯಾಂಕು ಇದ್ದರೆ ಏನಾದೀತು ಎಂಬುದನ್ನು ಲೆಕ್ಕ ಬಲ್ಲವರೇ ಹೇಳಲಿ.

ಆದ್ದರಿಂದ ನಮ್ಮ ಕಡೆಯ ರೂಢಿ ಹೀಗಿದೆ: ಟ್ರ್ಯಾಕ್ಟರ್ ಓಡುವ ಸಾಲುಗಳನ್ನು ಮೊದಲೇ ನಿಗದಿ ಮಾಡಿ, ಆ ಸಾಲುಗಳಲ್ಲಿ ತೊಟ್ಟಿಲು ಗುಂಡಿ ತೆಗೆಯುವುದನ್ನು ಬಿಟ್ಟುಬಿಡುತ್ತೇವೆ, ಪಕ್ಕದ ಸಾಲಿನಲ್ಲಿ ತೆಗೆಯುತ್ತೇವೆ. ಔಷಧಿ ಹೊಡೆಯುವ ಪೈಪು ಉದ್ದಕ್ಕೆ ಹರಡುವುದರಿಂದ ಟ್ರ್ಯಾಕ್ಟರ್ ಪ್ರತಿ ಸಾಲಿಗೂ ನುಗ್ಗಬೇಕಾಗಿಲ್ಲ. ತೋಟದ ರಸ್ತೆಯಲ್ಲೇ ನಿಲ್ಲಿಸಿ, ಪಿಟಿಒಗೆ (ಎಂಜಿನ್ನಿನಿಂದ ತಿರುಗುವ ಹಿಂದಿನ ಶಾಫ್ಟಿಗೆ) ಪಂಪು ಕೊಟ್ಟು, ಪೈಪನ್ನು ಜನ ಎಳೆದುಕೊಂಡು ಹೋದರೆ ಕೆಲಸ ಆಗುತ್ತದೆ. ಯಂತ್ರ ಇಳಿಜಾರಿಗೆ ಇಳಿಯದಿದ್ದರೆ ಅದನ್ನು ಭದ್ರಪಡಿಸುವ ಪ್ರಶ್ನೆಯೂ ಬರುವುದಿಲ್ಲ.

ನೀರಿನ ವಿಷಯದಲ್ಲಿ ಪಂಕ್ಚರ್ ಅಂಗಡಿಯವರ ಆಕ್ಷೇಪದಲ್ಲಿ ಅರ್ಧ ನ್ಯಾಯವಿದೆ. ಟ್ಯೂಬು ತೆಗೆಯಬೇಕಾದರೆ ಮೊದಲು ನೀರು ಖಾಲಿ ಮಾಡಬೇಕು, ಚಕ್ರವನ್ನು ಒಬ್ಬನೇ ಎತ್ತಲಾಗದು, ಕೆಲಸ ಮುಗಿದ ಮೇಲೆ ಮತ್ತೆ ತುಂಬಬೇಕು. ಆದರೆ ನೀರಿನಿಂದ ರಿಮ್ಮು ತುಕ್ಕು ಹಿಡಿಯುತ್ತದೆ ಎಂಬ ಮಾತು ಟ್ಯೂಬು ಇರುವ ಟೈರಿಗೆ ಅನ್ವಯಿಸುವುದಿಲ್ಲ. ಟ್ಯೂಬು ಸೋರದೆ ಇರುವವರೆಗೆ ನೀರು ರಿಮ್ಮನ್ನು ಮುಟ್ಟುವುದೇ ಇಲ್ಲ. ಹಿಮ ಬೀಳುವ ದೇಶಗಳಲ್ಲಿ ನೀರು ಹೆಪ್ಪುಗಟ್ಟದಿರಲೆಂದು ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸುತ್ತಾರೆ, ಅದು ಸೋರಿದರೆ ಕಬ್ಬಿಣವನ್ನು ತಿನ್ನುತ್ತದೆ. ಮಡಿಕೇರಿಯ ಜನವರಿಯ ಚಳಿಯಲ್ಲೂ ಟೈರಿನ ನೀರು ಹೆಪ್ಪುಗಟ್ಟುವ ಪ್ರಶ್ನೆಯಿಲ್ಲ. ಬರೀ ನೀರು ಸಾಕು.

ತುಂಬಿಸುವ ಕ್ರಮವನ್ನೂ ಹೇಳುತ್ತೇನೆ. ಚಕ್ರವನ್ನು ಜಾಕಿನ ಮೇಲೆ ಎತ್ತಿ, ವಾಲ್ವನ್ನು ನೆತ್ತಿಗೆ ತಂದು, ಒಳಗಿನ ಪಿನ್ನು ತೆಗೆದು, ಗಾಳಿ ಹೊರಬರಲು ಎಡೆಯಿರುವ ಅಡಾಪ್ಟರಿನ ಮೂಲಕ ನೀರು ಬಿಡಬೇಕು. ನೀರು ವಾಲ್ವಿನ ಮಟ್ಟಕ್ಕೆ ಬಂದು ಹೊರಗೆ ಚಿಮ್ಮಿದಾಗ ಸರಿಸುಮಾರು ಮುಕ್ಕಾಲು ಭಾಗ ತುಂಬಿರುತ್ತದೆ. ಅಲ್ಲಿಗೆ ನಿಲ್ಲಿಸಿ, ಉಳಿದ ಜಾಗಕ್ಕೆ ಕೈಪಿಡಿಯ ಒತ್ತಡದಷ್ಟು ಗಾಳಿ ಹಾಕಬೇಕು. ಪೂರ್ತಿ ತುಂಬಿಸಬಾರದು. ನೀರು ಕುಗ್ಗುವುದಿಲ್ಲ, ಗಾಳಿಯ ಮೆತ್ತೆ ಇಲ್ಲದ ಟೈರು ಕಲ್ಲಿಗೆ ಬಡಿದಾಗ ಆ ಪೆಟ್ಟು ನೇರವಾಗಿ ಟ್ಯೂಬಿಗೂ ರಿಮ್ಮಿಗೂ ತಾಗುತ್ತದೆ. ಗಾಳಿ ಪರೀಕ್ಷೆ ಮಾಡುವಾಗಲೂ ವಾಲ್ವ್ ಮೇಲೆಯೇ ಇರಬೇಕು, ಇಲ್ಲವಾದರೆ ಮಾಪಕದೊಳಗೆ ನೀರು ಹೋಗುತ್ತದೆ.

ಪ್ರಶ್ನಿಸಿದವರ ಮರುಮಾತು: ನಾಪೋಕ್ಲು ಬೆಳೆಗಾರ

ಇಬ್ಬರಿಗೂ ಧನ್ಯವಾದಗಳು. ತೂಗಿಸಿದೆವು. ಟ್ರ್ಯಾಕ್ಟರಿನ ಒಟ್ಟು ತೂಕ 800 ಕಿಲೋ, ಅದರಲ್ಲಿ ಮುಂದಿನ ಚಕ್ರಗಳ ಮೇಲೆ 290. ಆಕ್ಸಲ್ಲುಗಳ ನಡುವೆ ಒಂದೂವರೆ ಮೀಟರ್. ಹಿಂದಿನ ಆಕ್ಸಲ್ಲಿನಿಂದ ಟ್ಯಾಂಕಿನ ನಡುವಿಗೆ 80 ಸೆಂಟಿಮೀಟರ್. ಟ್ಯಾಂಕು ತುಂಬಿದಾಗ ಚೌಕಟ್ಟು, ಪಂಪು ಎಲ್ಲ ಸೇರಿ ಸುಮಾರು 300 ಕಿಲೋ ಆಗುತ್ತದೆ. ಮುಂದಿನ ಬಂಪರಿನಲ್ಲಿ ತೂಕ ತೂಗುಹಾಕುವ ಕಂಬಿಯಿದೆ, ಅದು ಮುಂದಿನ ಆಕ್ಸಲ್ಲಿನಿಂದ ಅರ್ಧ ಮೀಟರ್ ಮುಂದಿದೆ. ಇನ್ನು ಗದ್ದೆಗೆ ಇಳಿಯುವಾಗ ಇದೇ ತೂಕ ಇಟ್ಟುಕೊಳ್ಳಬಹುದೇ ಎಂಬುದನ್ನೂ ತಿಳಿಸಿ.

ಉತ್ತರ: ಯಂತ್ರಶಾಲೆ, ಕುಶಾಲನಗರ

ಅಂಕಿ ಸಿಕ್ಕಿದ್ದು ಒಳ್ಳೆಯದಾಯಿತು. 300 ಕಿಲೋ ಭಾರ ಹಿಂದಿನ ಆಕ್ಸಲ್ಲಿನ ಆಚೆ 80 ಸೆಂಟಿಮೀಟರ್ ದೂರದಲ್ಲಿ ನೇತಾಡುವಾಗ ಅದು ಮುಂದಿನ ಆಕ್ಸಲ್ಲಿನಿಂದ 160 ಕಿಲೋ ಕಸಿದುಕೊಳ್ಳುತ್ತದೆ. 300ನ್ನು 80ರಿಂದ ಗುಣಿಸಿ 150ರಿಂದ ಭಾಗಿಸಿದರೆ ಬರುವ ಉತ್ತರ ಅದು. ಮುಂದೆ ಉಳಿಯುವುದು 130 ಕಿಲೋ. ಸ್ಟೀರಿಂಗ್ ಕೆಲಸ ಮಾಡಬೇಕಾದರೆ ಟ್ರ್ಯಾಕ್ಟರಿನ ಸ್ವಂತ ತೂಕದ ಐದನೆಯ ಒಂದು ಭಾಗವಾದರೂ ಮುಂದೆ ಇರಬೇಕೆಂಬುದು ಎಲ್ಲೆಡೆ ಒಪ್ಪಿರುವ ನಿಯಮ. ನಿಮಗೆ ಅದು 160 ಕಿಲೋ. ಸಮತಟ್ಟಾದ ನೆಲಕ್ಕಾದರೆ ಮುಂದಿನ ಕಂಬಿಗೆ 25-30 ಕಿಲೋ ಹಾಕಿದರೆ ಸಾಕಿತ್ತು. ಆದರೆ ನಿಮ್ಮದು ಸಮತಟ್ಟಲ್ಲ.

ಏರಿನಲ್ಲಿ ಗುರುತ್ವ ಕೇಂದ್ರ ಹಿಂದಿನ ಚಕ್ರದ ಕಡೆಗೆ ಇನ್ನಷ್ಟು ಸರಿಯುತ್ತದೆ. ಟ್ಯಾಂಕಿನ ನಡು ನೆಲದಿಂದ ಒಂದು ಮೀಟರ್ ಎತ್ತರದಲ್ಲಿದೆ ಎಂದು ಹಿಡಿದರೆ, ತುಂಬಿದ ಟ್ಯಾಂಕಿನೊಂದಿಗೆ ನಿಮ್ಮ ಟ್ರ್ಯಾಕ್ಟರಿನ ಮುಂದಿನ ಚಕ್ರ ಸುಮಾರು 14 ಡಿಗ್ರಿಯ ಏರಿನಲ್ಲಿ ನಿಂತಲ್ಲೇ ನೆಲ ಬಿಡುತ್ತದೆ. ಕ್ಲಚ್ಚನ್ನು ಒಮ್ಮೆಲೇ ಬಿಟ್ಟರೆ ಅದಕ್ಕಿಂತ ಕಡಿಮೆ ಏರಿನಲ್ಲೇ ಏಳುತ್ತದೆ. ಸ್ಟೀರಿಂಗ್ ಹಗುರವಾಗುತ್ತದೆ ಎಂದು ನೀವು ಬರೆದದ್ದು ಭ್ರಮೆಯಲ್ಲ. ಮುಂದಿನ ಕಂಬಿಗೆ 60 ಕಿಲೋ ಹಾಕಿದರೆ ಈ ಮಿತಿ 21 ಡಿಗ್ರಿಗೆ ಏರುತ್ತದೆ. ಹಿಂದಿನ ಟೈರಿಗೆ 120 ಕಿಲೋ ನೀರು ಹಾಕಿದರೆ ಒಂದು ಕಿಲೋ ಭಾರವೂ ಮುಂದಕ್ಕೆ ಸಲ್ಲುವುದಿಲ್ಲ, ಏಕೆಂದರೆ ಆ ತೂಕ ಕೂತಿರುವುದು ಟ್ರ್ಯಾಕ್ಟರ್ ಮಗುಚುವ ಅಚ್ಚಿನ ಮೇಲೆಯೇ. ಸಾಲದ್ದಕ್ಕೆ ಚಕ್ರಕ್ಕೆ ಹಿಡಿತ ಹೆಚ್ಚಿ, ಜಾರಿ ಬಿಡಬೇಕಾದ ಕಡೆ ಅದು ಕಚ್ಚಿಕೊಂಡು ಮುಂಭಾಗವನ್ನು ಎತ್ತುತ್ತದೆ.

ನಿಮಗೆ ಇನ್ನೂ ಒಂದು ದಾರಿಯಿದೆ, ಅದಕ್ಕೆ ಕಾಸು ಖರ್ಚಿಲ್ಲ. ಟ್ಯಾಂಕನ್ನು ಅರ್ಧ ಮಾತ್ರ ತುಂಬಿಸಿದರೆ, ಮುಂದೆ ಯಾವ ತೂಕವನ್ನೂ ಹಾಕದೆ, ಅದೇ ಮಿತಿ ಸುಮಾರು 24 ಡಿಗ್ರಿಗೆ ಹೋಗುತ್ತದೆ. ಅರವತ್ತು ಕಿಲೋ ಕಬ್ಬಿಣ ಮಾಡುವುದಕ್ಕಿಂತ ಹೆಚ್ಚಿನ ಕೆಲಸವನ್ನು 125 ಲೀಟರ್ ಕಡಿಮೆ ತುಂಬಿಸುವುದರಿಂದ ಸಾಧಿಸಬಹುದು. ಅರ್ಧ ತುಂಬಿದ ಟ್ಯಾಂಕಿನಲ್ಲಿ ದ್ರಾವಣ ತುಳುಕಾಡಿ ತಗ್ಗಿನ ಬದಿಗೆ ಹರಿಯುತ್ತದೆ ಎಂಬುದು ನಿಜ, ಆದ್ದರಿಂದ ಒಳಗೆ ಅಡ್ಡ ತಡೆಗಳಿರುವ ಟ್ಯಾಂಕು, ಇಲ್ಲವೇ ಚಿಕ್ಕ ಟ್ಯಾಂಕೇ ಉತ್ತಮ.

ಸಿದ್ದಾಪುರದವರು ಕೇಳಿದ ಲೆಕ್ಕ ಇಲ್ಲಿದೆ. ತುಂಬಿದ ಟ್ಯಾಂಕು ಒಟ್ಟು ಗುರುತ್ವ ಕೇಂದ್ರವನ್ನು 60ರಿಂದ ಸುಮಾರು 71 ಸೆಂಟಿಮೀಟರಿಗೆ ಏರಿಸುತ್ತದೆ. ಪಕ್ಕಕ್ಕೆ ಉರುಳುವ ಕೋನ 37ರಿಂದ 32ಕ್ಕೆ ಇಳಿಯುತ್ತದೆ. ಅವರು ಹೇಳಿದ ಗುಂಡಿಯಲ್ಲಿ ಯಂತ್ರ 34 ಡಿಗ್ರಿ ವಾಲಿರುತ್ತದೆ. ಅಲ್ಲಿಂದ ಅದು ಮರಳಿ ಬರುವುದಿಲ್ಲ.

ಕಾಂಕ್ರೀಟಿನ ಬಗ್ಗೆ ಒಂದು ಮಾತು. ರಿಮ್ಮಿನೊಳಗೆ ಸುರಿಯುವುದು ಬೇಡ. ಒಮ್ಮೆ ಹಾಕಿದರೆ ತೆಗೆಯಲಾಗುವುದಿಲ್ಲ, ಅದುರಾಟಕ್ಕೆ ಬಿರುಕು ಬಿಟ್ಟು ಚೂರು ಚೂರಾಗಿ ಉದುರುತ್ತದೆ. ಆದರೆ ಮುಂದೆ ತೂಗುಹಾಕುವ ತೂಕವನ್ನು ಕಾಂಕ್ರೀಟಿನಲ್ಲಿ ಮಾಡಿಸುವುದು ಸರಿಯೇ. 25 ಸೆಂಟಿಮೀಟರ್ ಅಗಲ, 25 ಎತ್ತರ, 40 ಉದ್ದದ ಅಚ್ಚಿನಲ್ಲಿ ಸರಳು ಕಟ್ಟಿ ಹಾಕಿದ ಕಾಂಕ್ರೀಟ್ ಸುಮಾರು 60 ಕಿಲೋ ತೂಗುತ್ತದೆ. ಅಷ್ಟು ಭಾರವನ್ನು ಒಬ್ಬ ಎತ್ತಿ ಇಳಿಸುವುದು ಕಷ್ಟವಾದ್ದರಿಂದ ಎರಡು ತುಂಡು ಮಾಡಿಸಿ, ಎತ್ತಲು ಹಿಡಿಕೆ ಇಡಿಸಿ. ಮುಂದಿನ ಆಕ್ಸಲ್ಲಿಗೆ ಎಷ್ಟು ಭಾರ ಸಲ್ಲುತ್ತದೆ ಎಂಬ ಮಿತಿ ಕೈಪಿಡಿಯಲ್ಲಿರುತ್ತದೆ, ಟೈರು ಹೊರುವ ಭಾರ ಟೈರಿನ ಪಕ್ಕದಲ್ಲೇ ಅಚ್ಚಾಗಿರುತ್ತದೆ. ಅದನ್ನು ನೋಡಿಕೊಳ್ಳದೆ ಯಾವ ತೂಕವನ್ನೂ ಹಾಕಿಸಬೇಡಿ.

ಉತ್ತರ: ಗದ್ದೆಬಯಲು, ಬಾಳೆಲೆ

ಗದ್ದೆಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಗದ್ದೆಗೆ ಇಳಿಯುವ ಮುನ್ನ ಎಲ್ಲ ತೂಕವನ್ನೂ ಕಳಚಿಡಿ. ಕೆಸರಿನ ಅಡಿಯಲ್ಲಿ, ಸಾಮಾನ್ಯವಾಗಿ ಒಂದು ಗೇಣು ಆಳದಲ್ಲಿ, ವರ್ಷವರ್ಷದ ಉಳುಮೆಯಿಂದ ಗಟ್ಟಿಯಾದ ಒಂದು ಪದರವಿರುತ್ತದೆ. ಗದ್ದೆಯಲ್ಲಿ ನೀರು ನಿಲ್ಲುವುದು ಅದರಿಂದ, ಟ್ರ್ಯಾಕ್ಟರ್ ನಿಲ್ಲುವುದೂ ಅದರ ಮೇಲೆಯೇ. ಭಾರ ಹೆಚ್ಚಾಗಿ ಚಕ್ರ ಆ ಪದರವನ್ನು ಸೀಳಿದರೆ ಟ್ರ್ಯಾಕ್ಟರ್ ಹೂತುಕೊಳ್ಳುವುದು ಒಂದು ದಿನದ ತೊಂದರೆ. ನೀರು ಬಸಿದು ಹೋಗುವುದು ವರ್ಷಗಟ್ಟಲೆಯ ತೊಂದರೆ. ಕೊಲ್ಲಿಯ ಅಂಚಿನ ಜೌಗು ಗದ್ದೆಗಳಲ್ಲಿ ಇದು ಇನ್ನೂ ಬೇಗ ಆಗುತ್ತದೆ. ಕೆಸರಿನಲ್ಲಿ ಬೇಕಾದದ್ದು ತೂಕವಲ್ಲ, ಅಗಲ. ಹಿಂದಿನ ಚಕ್ರದ ಪಕ್ಕಕ್ಕೆ ಕೇಜ್ ವೀಲ್ (ಕಬ್ಬಿಣದ ಪಟ್ಟಿಗಳ ಪಂಜರದಂಥ ಚಕ್ರ) ಜೋಡಿಸಿದರೆ ಸಾಕು.

ಈ ಕಾರಣಕ್ಕೇ ನಿಮ್ಮಂತೆ ತೋಟ ಮತ್ತು ಗದ್ದೆ ಎರಡೂ ಇರುವವರಿಗೆ ನೀರಿಗಿಂತ ಬೋಲ್ಟ್ ಹಾಕುವ ಕಬ್ಬಿಣದ ತೂಕವೇ ಅನುಕೂಲ ಎನ್ನುತ್ತೇನೆ. ಕಬ್ಬಿಣವನ್ನು ಅರ್ಧ ಗಂಟೆಯಲ್ಲಿ ಬಿಚ್ಚಬಹುದು. ನಾಟಿ ಮುಗಿಯುವವರೆಗೆ ಅದು ಕೊಟ್ಟಿಗೆಯಲ್ಲಿರಲಿ, ಕೈಲ್ ಪೊಳ್ದ್ ಹಬ್ಬಕ್ಕೆ ಯಂತ್ರವನ್ನು ತೊಳೆದು ಪೂಜೆಗಿಡುವ ಹೊತ್ತಿಗೆ ಮತ್ತೆ ಹಾಕಿಕೊಂಡರಾಯಿತು. ಗದ್ದೆಯಿಲ್ಲದೆ ಬರೀ ತೋಟವಿರುವವರು ಬೇಕಾದರೆ ನೀರು ತುಂಬಿಸಿಕೊಳ್ಳಲಿ.

ಎಷ್ಟು ಕಬ್ಬಿಣ ಎಂಬುದನ್ನು ಕಣ್ಣಂದಾಜಿನಲ್ಲಿ ತೀರ್ಮಾನಿಸಬೇಡಿ. ಹಿಂದಿನ ಟೈರಿನ ಮೇಲೆ ಸುಣ್ಣದ ಗೀಟು ಹಾಕಿ. ಹೊರೆಯಿಲ್ಲದೆ ಚಕ್ರ ಹತ್ತು ಸುತ್ತು ತಿರುಗಿದಾಗ ಟ್ರ್ಯಾಕ್ಟರ್ ಎಷ್ಟು ದೂರ ಹೋಯಿತೆಂದು ಅಳೆಯಿರಿ, ಆಮೇಲೆ ಅದೇ ನೆಲದಲ್ಲಿ ಹೊರೆ ಎಳೆಯುತ್ತಾ ಹತ್ತು ಸುತ್ತಿಗೆ ಎಷ್ಟು ಹೋಯಿತೆಂದು ಅಳೆಯಿರಿ. ಮೊದಲು 31 ಮೀಟರ್ ಹೋದದ್ದು ಹೊರೆಯೊಂದಿಗೆ 27 ಮೀಟರ್ ಹೋದರೆ ಜಾರುವಿಕೆ ಶೇಕಡಾ 13. ಗಟ್ಟಿ ನೆಲದಲ್ಲಿ ಶೇಕಡಾ 8ರಿಂದ 15ರವರೆಗೆ ಇದ್ದರೆ ತೂಕ ಸರಿಯಾಗಿದೆ ಎಂದರ್ಥ. ಅದಕ್ಕಿಂತ ಹೆಚ್ಚಿದ್ದರೆ ತೂಕ ಬೇಕು. ಶೇಕಡಾ 5ಕ್ಕಿಂತ ಕೆಳಗಿದ್ದರೆ ಅನಗತ್ಯ ಭಾರ ಹೊತ್ತು ತಿರುಗುತ್ತಿದ್ದೀರಿ; ಡೀಸೆಲ್ ವ್ಯರ್ಥ, ಕಾಫಿಯ ಬೇರಿನ ಮೇಲಿನ ಮಣ್ಣು ಒತ್ತಿ ಗಟ್ಟಿಯಾಗುವುದು ಅದಕ್ಕಿಂತ ದೊಡ್ಡ ನಷ್ಟ.

ಇನ್ನೊಂದು ವಿಷಯವನ್ನು ಎಲ್ಲರೂ ಗಮನಿಸಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಗದ್ದೆಯಲ್ಲಿ ಟ್ರ್ಯಾಕ್ಟರ್ ಹೂತಾಗ ಹಿಂದಿನ ಚಕ್ರಕ್ಕೆ ಮರದ ತುಂಡು ಕಟ್ಟಿ ಮುಂದಕ್ಕೆ ಎಳೆಸುವ ಪದ್ಧತಿ ನಮ್ಮ ಕಡೆ ಇದೆ. ತುಂಡು ನೆಲಕ್ಕೆ ಸಿಕ್ಕಿ ಚಕ್ರ ತಿರುಗದೆ ನಿಂತರೆ ಎಂಜಿನ್ನಿನ ಶಕ್ತಿ ಟ್ರ್ಯಾಕ್ಟರಿನ ಮೈಯನ್ನೇ ಆಕ್ಸಲ್ಲಿನ ಸುತ್ತ ಮೇಲಕ್ಕೆ ತಿರುಗಿಸುತ್ತದೆ. ಮುಂಭಾಗ ಎದ್ದು, ಇನ್ನು ಹಿಂದಿರುಗಲಾಗದ ಹಂತ ದಾಟಲು ಮುಕ್ಕಾಲು ಸೆಕೆಂಡು ಸಾಕು. ಆ ಹೊತ್ತಿನಲ್ಲಿ ಯಾವ ಡ್ರೈವರಿನ ಕಾಲೂ ಕ್ಲಚ್ಚಿಗೆ ಮುಟ್ಟುವುದಿಲ್ಲ. ಹೂತರೆ ಹಿಂದಕ್ಕೆ ತೆಗೆಯಲು ನೋಡಿ, ಆಗದಿದ್ದರೆ ಇನ್ನೊಂದು ಟ್ರ್ಯಾಕ್ಟರ್ ತರಿಸಿ ಮುಂದಿನಿಂದ ಎಳೆಸಿ.

ಉತ್ತರ: ತೋಟದ ರೈಟರ್, ಸಿದ್ದಾಪುರ

ಟ್ರೈಲರಿನ ಮಾತು ಬಾಕಿ ಉಳಿದಿದೆ. ಹಿಂದಿನ ಚಕ್ರದ ತೂಕ ನಿಜವಾಗಿ ಕೆಲಸಕ್ಕೆ ಬರುವುದು ಇಲ್ಲಿಯೇ. ಹಣ್ಣು ತುಂಬಿದ ಟ್ರೈಲರ್ ತೋಟದ ರಸ್ತೆಯಲ್ಲಿ ಇಳಿಯುವಾಗ ಹಿಂದಿನಿಂದ ನೂಕುತ್ತದೆ, ಹಗುರವಾದ ಟ್ರ್ಯಾಕ್ಟರಿನ ಚಕ್ರ ಬ್ರೇಕು ಹಿಡಿದರೂ ತರಗೆಲೆಯ ಮೇಲೆ ಜಾರುತ್ತಲೇ ಹೋಗುತ್ತದೆ. ಹೆಚ್ಚಿನ ಮಿನಿ ಟ್ರ್ಯಾಕ್ಟರುಗಳಲ್ಲಿ ಬ್ರೇಕು ಇರುವುದು ಹಿಂದಿನ ಚಕ್ರಗಳಿಗೆ ಮಾತ್ರ. ಇಳಿಯುವ ಮುನ್ನವೇ ನಾಲ್ಕು ಚಕ್ರದ ಚಾಲನೆಯನ್ನು ಹಾಕಿಕೊಂಡರೆ ಆ ಬ್ರೇಕು ಗೇರುಗಳ ಮೂಲಕ ಮುಂದಿನ ಚಕ್ರಗಳಿಗೂ ತಲುಪುತ್ತದೆ. ಏರಲು ಮಾತ್ರ ಅದು ಬೇಕು ಎಂದುಕೊಂಡು ಇಳಿಯುವಾಗ ತೆಗೆದುಬಿಡುವ ಡ್ರೈವರುಗಳೇ ಹೆಚ್ಚು. ಎರಡು ಬ್ರೇಕ್ ಪೆಡಲುಗಳನ್ನು ಜೋಡಿಸುವ ಕೊಂಡಿ ಹಾಕಿರಬೇಕು, ಇಲ್ಲದಿದ್ದರೆ ಒಂದೇ ಚಕ್ರ ಹಿಡಿದು ಟ್ರ್ಯಾಕ್ಟರ್ ಬರೆಯ (ರಸ್ತೆ ಬದಿಯ ಕಡಿದಾದ ಮಣ್ಣಿನ) ಕಡೆಗೆ ತಿರುಗುತ್ತದೆ. ಏರಲು ಯಾವ ಗೇರು ಬೇಕೋ ಇಳಿಯಲೂ ಅದೇ ಗೇರು, ನಡುವೆ ಕ್ಲಚ್ ಒತ್ತುವಂತಿಲ್ಲ.

ಟ್ರೈಲರಿಗೆ ಸ್ವಂತ ಬ್ರೇಕಿಲ್ಲದಿದ್ದರೆ ತೋಟದ ಇಳಿಜಾರಿನಲ್ಲಿ ತುಂಬಿದ ಟ್ರೈಲರಿನ ತೂಕ ಟ್ರ್ಯಾಕ್ಟರಿನ ತೂಕವನ್ನು ಮೀರಬಾರದು ಎಂಬುದನ್ನು ನಾವು ಕಡ್ಡಾಯವಾಗಿ ಪಾಲಿಸುತ್ತೇವೆ. ಎರಡು ಸಲ ಹೋಗಬೇಕಾದೀತು, ಹೋಗಲಿ. ಟ್ರೈಲರನ್ನು ಕೆಳಗಿನ ಡ್ರಾಬಾರಿಗೇ (ಎಳೆಯಲೆಂದೇ ಇರುವ ಪಟ್ಟಿಗೇ) ಸಿಕ್ಕಿಸಬೇಕು. ತ್ರೀ ಪಾಯಿಂಟ್ ಲಿಂಕೇಜಿನ (ಉಪಕರಣ ಎತ್ತುವ ಹಿಂದಿನ ಮೂರು ಕೊಂಡಿಗಳ) ಮೇಲಿನ ಕೊಂಡಿಗೋ ಆಕ್ಸಲ್ಲಿಗಿಂತ ಎತ್ತರದ ಬೇರೆ ಜಾಗಕ್ಕೋ ಕಟ್ಟಿ ಎಳೆದರೆ, ಮುಂದೆ ತೂಕವಿದ್ದರೂ ಟ್ರ್ಯಾಕ್ಟರ್ ಹಿಂದಕ್ಕೆ ಮಗುಚಬಹುದು.

ಪ್ರಶ್ನಿಸಿದವರ ಮರುಮಾತು: ನಾಪೋಕ್ಲು ಬೆಳೆಗಾರ

ಕೈಪಿಡಿ ನೋಡಿದೆವು. ಹಿಂದಿನ ಚಕ್ರವನ್ನು ಅದಲುಬದಲು ಮಾಡಿದರೆ ಅಗಲ 104 ಸೆಂಟಿಮೀಟರ್ ಆಗುತ್ತದೆ; ಅದನ್ನು ಮೊದಲು ಮಾಡಿಸುತ್ತೇವೆ. ಮುಂದಕ್ಕೆ 30 ಕಿಲೋದ ಎರಡು ತುಂಡು, ಹಿಂದಿನ ಚಕ್ರಗಳಿಗೆ ಕೊಯ್ಲಿನ ಕಾಲಕ್ಕೆ ಮಾತ್ರ 25 ಕಿಲೋದ ಕಬ್ಬಿಣದ ತಟ್ಟೆಗಳು, ಟ್ಯಾಂಕು ಅರ್ಧ ಮಾತ್ರ ಎಂದು ತೀರ್ಮಾನಿಸಿದ್ದೇವೆ. ಮೇಲಿನ ಎರಡು ಸಾಲು ಅಳತೆಯಲ್ಲಿ 18 ಡಿಗ್ರಿ ತೋರಿಸಿತು. ಅಲ್ಲಿಗೆ ಟ್ರ್ಯಾಕ್ಟರ್ ಹೋಗುವುದಿಲ್ಲ, ಪೈಪು ಹೋಗುತ್ತದೆ. ಸೀಟಿನ ಹಿಂದೆ ಮಡಚುವ ಕಬ್ಬಿಣದ ಕಮಾನಿದೆ. ಕೊಂಬೆಗಳಿಗೂ ಕರಿಮೆಣಸಿನ ಬಳ್ಳಿಗೂ ತಾಗುತ್ತದೆಂದು ಡ್ರೈವರ್ ಅದನ್ನು ಯಾವಾಗಲೂ ಮಡಚಿಯೇ ಇಡುತ್ತಾನೆ. ಇಷ್ಟೆಲ್ಲ ತೂಕ ಹಾಕಿದ ಮೇಲೆ ಅದು ಹಾಗೆಯೇ ಇದ್ದರೆ ನಡೆಯುತ್ತದೆಯೇ?

ಉತ್ತರ: ಯಂತ್ರಶಾಲೆ, ಕುಶಾಲನಗರ

ನಡೆಯುವುದಿಲ್ಲ. ತೂಕವು ಉರುಳುವ ಸಂಭವವನ್ನು ಕಡಿಮೆ ಮಾಡುತ್ತದೆ, ಉರುಳಿದ ಮೇಲೆ ಡ್ರೈವರನ್ನು ಕಾಪಾಡುವುದು ಆ ಕಮಾನು ಮಾತ್ರ. ಅದು ನಿಂತಿರಬೇಕು, ಅದರ ಪಿನ್ನು ಹಾಕಿರಬೇಕು, ಡ್ರೈವರ್ ಬೆಲ್ಟ್ ಕಟ್ಟಿರಬೇಕು. ಕಮಾನು ಮಡಚಿದ್ದಾಗ ಬೆಲ್ಟ್ ಕಟ್ಟುವುದು ತಪ್ಪು. ಆಗ ಜಿಗಿಯುವ ಅವಕಾಶವೂ ಹೋಗುತ್ತದೆ. ಅಡ್ಡ ಬರುವ ಕೊಂಬೆಗಳನ್ನು ಮರಗಸಿಯ ಸಮಯದಲ್ಲಿ ಟ್ರ್ಯಾಕ್ಟರ್ ಓಡುವ ಸಾಲುಗಳಲ್ಲಿ ಒಂದು ಮೊಳ ಹೆಚ್ಚು ಎತ್ತರಕ್ಕೆ ಕಡಿಸಿಬಿಡಿ.

ಚಕ್ರ ಅದಲುಬದಲು ಮಾಡಿದ ಮೇಲೆ ಮತ್ತು ತಟ್ಟೆ ಹಾಕಿದ ಮೇಲೆ ಮೊದಲ ದಿನದ ಕೆಲಸ ಮುಗಿದ ಕೂಡಲೇ ಎಲ್ಲ ಬೋಲ್ಟುಗಳನ್ನೂ ಟಾರ್ಕ್ ಸ್ಪ್ಯಾನರಿನಿಂದ ಮತ್ತೊಮ್ಮೆ ಬಿಗಿ ನೋಡಿಸಿ. ಬಣ್ಣ ಬಳಿದ ಹೊಸ ತಟ್ಟೆಗಳು ಒಂದೆರಡು ಗಂಟೆಯ ಓಟದಲ್ಲಿ ಬಣ್ಣ ಕುಸಿದು ಸಡಿಲವಾಗುತ್ತವೆ. ಮುಂದಿನ ತುಂಡುಗಳ ಕೊಂಡಿಗೆ ಅಡ್ಡ ಪಿನ್ನನ್ನೂ ಹಾಕಿಸಿ, ಕಲ್ಲಿನ ಮೇಲೆ ಹಾರಿದಾಗ ಅವು ಕಂಬಿಯಿಂದ ಎದ್ದು ಚಕ್ರದ ಮುಂದೆ ಬೀಳದಿರಲಿ.